ಹದಿನೇಳನೆಯ ನಾಲಿಗೆ

ಬೆಳಿಗ್ಗೆ ಏಳೂಕಾಲರ ಬಸ್ಸಿಗೆ, ಅಗಲ ಬಾಯಿಯ ಸ್ಟೀಲ್ ಫ್ಲಾಸ್ಕನ್ನು ಎದೆಗವಚಿಕೊಂಡು ಹತ್ತುತ್ತಿದ್ದ ಆ ಸಣ್ಣ ಆಳನ್ನು ನೋಡಿ ನಮ್ಮ ಬೀದಿಯ ಅರ್ಧ ಜನ, ಇದನ್ನು ಬರೆಯುತ್ತಿರುವವನೂ ಸೇರಿ, ವರ್ಷಗಟ್ಟಲೆ ಮರುಗಿದ್ದುಂಟು. ಯಾರೋ ಹತ್ತಿರದವರು ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿದ್ದಾರೆ, ಪಾಪ, ಈ ಮನುಷ್ಯ ತಪ್ಪದೆ ಬಿಸಿ ಸೂಪು ಹೊತ್ತುಕೊಂಡು ಹೋಗುತ್ತಾನೆ ಎಂಬುದು ಎಲ್ಲರ ತೀರ್ಮಾನ. ಅವನಿಗೆ ಸೀಟು ಬಿಟ್ಟುಕೊಡುವುದರಲ್ಲಿ ಪೈಪೋಟಿಯೇ ನಡೆಯುತ್ತಿತ್ತು. ಕೊನೆಗೊಂದು ದಿನ ಕರುಣೆ ಉಕ್ಕಿ ಬರಹಗಾರ ಕೇಳಿಯೇಬಿಟ್ಟ.

“ಹೇಗಿದ್ದಾರೆ ಈಗ?”

“ಯಾರು?”

“ಅದೇ, ದಿನಾ ಸೂಪು ತಗೊಂಡು ಹೋಗ್ತೀರಲ್ಲ, ಅವರು.”

ಅವನು ಒಮ್ಮೆ ಫ್ಲಾಸ್ಕನ್ನು, ಒಮ್ಮೆ ಕೇಳಿದವನ ಮುಖವನ್ನು ನೋಡಿದ. “ಹೋಯ್ತು ಸಾರ್,” ಎಂದ. “ಬೆಳಿಗ್ಗೆ ಐದಕ್ಕೇ ಹೋಯ್ತು. ಆಡು. ನಾಲಿಗೆ ಮಾತ್ರ ನನ್ನ ಹತ್ರ ಇದೆ. ನೋಡ್ತೀರಾ?”

ಮಾರನೆಯ ದಿನದಿಂದ ಅವನಿಗೆ ಸೀಟು ಬಿಟ್ಟುಕೊಡುವವರಿರಲಿಲ್ಲ. ಬದಲಿಗೆ ಅವನು ಕೂತಲ್ಲಿ ಅಕ್ಕಪಕ್ಕದ ಎರಡು ಸೀಟು ತಾವಾಗಿಯೇ ಖಾಲಿಯಾಗತೊಡಗಿದವು.

ಪಶುವೈದ್ಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಅವನ ಕೆಲಸ. ಕಸಾಯಿಖಾನೆಯಿಂದ ನಾಲಿಗೆ ತರುವುದು, ಕೊಳೆಯದ ಹಾಗೆ ಫಾರ್ಮಲಿನ್‌ನಲ್ಲಿ ನೆನೆಹಾಕುವುದು, ಬೇಕಾದ ತುಂಡನ್ನು ಕರಗಿದ ಮೇಣದಲ್ಲಿ ಕೂರಿಸಿ ಗಟ್ಟಿ ಮಾಡುವುದು, ಆಮೇಲೆ ಕೂದಲಿನ ಹತ್ತನೇ ಒಂದು ಪಾಲಿನಷ್ಟು ತೆಳ್ಳಗೆ ಹೋಳು ಕೊಯ್ದು, ಗಾಜಿನ ಪಟ್ಟಿಗೆ ಹಚ್ಚಿ, ಬಣ್ಣ ಕೊಟ್ಟು, ಸೂಕ್ಷ್ಮದರ್ಶಕದ ಕೆಳಗಿಡುವುದು. ಇಪ್ಪತ್ತಾರು ವರ್ಷ ಮೇಣದ ಜೊತೆಗೇ ಇದ್ದದ್ದರಿಂದ ಕಾಲೇಜಿನಲ್ಲಿ ಎಲ್ಲರ ಬಾಯಲ್ಲೂ ಅವನು ಮೇಣದಪ್ಪ. ಸಂಬಳದ ಪಟ್ಟಿಯಲ್ಲಿ ಬೇರೆ ಹೆಸರಿತ್ತಂತೆ. ಅದನ್ನು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ.

ವಿಭಾಗದ ಮುಖ್ಯಸ್ಥರು ನಾಲಿಗೆಯ ಬಗ್ಗೆ ಮಾತಾಡತೊಡಗಿದರೆ ತಮ್ಮದಕ್ಕೆ ವಿರಾಮ ಕೊಡುವವರಲ್ಲ. ಸಸ್ತನಿಗಳ ನಾಲಿಗೆಯೊಳಗಿನ ಜೊಲ್ಲುಗ್ರಂಥಿಗಳ ಮೇಲೆ ಒಂದು ಮಹಾಗ್ರಂಥ ಬರೆಯುತ್ತಿದ್ದರು. ಹನ್ನೊಂದು ವರ್ಷಕ್ಕೆ ಮುನ್ನುಡಿ ಮುಗಿಯುತ್ತ ಬಂದಿತ್ತು. ಅದಕ್ಕಾಗಿ ಹದಿನಾರು ಪ್ರಾಣಿಗಳ ಸ್ಲೈಡುಗಳು ಮರದ ಪೆಟ್ಟಿಗೆಯೊಂದರಲ್ಲಿ ಸಾಲಾಗಿ ನಿಂತಿದ್ದವು: ಹಸು, ಎಮ್ಮೆ, ಆಡು, ಕುರಿ, ಹಂದಿ, ಕುದುರೆಯಿಂದ ಹಿಡಿದು ಇಲಿ, ಬಾವಲಿ, ನರಿಯವರೆಗೆ. ಜೊತೆಗೊಂದು ದಪ್ಪ ರಿಜಿಸ್ಟರು. ಸಂಖ್ಯೆ, ಪ್ರಾಣಿ, ಗಂಡೋ ಹೆಣ್ಣೋ, ವಯಸ್ಸು, ಕೊನೆಯ ಅಂಕಣದಲ್ಲಿ “ಸಾಕಿದ್ದು / ಕಾಡಿನದು”. ಆ ಅಂಕಣ ಯಾತಕ್ಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಆದರೆ ಅದು ಮುಖ್ಯಸ್ಥರ ಸ್ವಂತ ಕಲ್ಪನೆ, ಹಾಗಾಗಿ ಇಲಿಗೂ ಅದನ್ನು ತುಂಬಬೇಕಾಗಿತ್ತು.

ಮೇಣದಪ್ಪ ಓದಿದ್ದು ಕಡಿಮೆ, ನೋಡಿದ್ದು ಬಹಳ. ನಾಲಿಗೆಯ ಬುಡದಲ್ಲಿ ಕೋಟೆಯ ಹಾಗೆ ಸುತ್ತಲೂ ಕಂದಕ ತೋಡಿಕೊಂಡ ಗುಬುಟುಗಳಿರುತ್ತವೆ, ರುಚಿ ಗೊತ್ತಾಗುವುದು ಅಲ್ಲಿ. ಕುದುರೆಗೆ ಅಂಥವು ಎರಡೇ, ಇಲಿಗೆ ಒಂದೇ ಒಂದು, ಆಡಿಗೆ ಎರಡು ಡಜನ್ನು ಮೀರಿ. “ಅದಕ್ಕೇ ನೋಡಿ, ಸಿಕ್ಕಿದ್ದೆಲ್ಲ ರುಚಿ ನೋಡ್ತದೆ,” ಎನ್ನುವುದು ಅವನ ಸಿದ್ಧಾಂತ. ಗ್ರಂಥದಲ್ಲಿ ಇದಕ್ಕೆ ಜಾಗ ಸಿಗಲಿಲ್ಲ. ಆ ಕಂದಕದ ತಳಕ್ಕೆ, ಮಾಂಸದ ಎಳೆಗಳ ನಡುವೆ ಅಡಗಿ ಕೂತ ಗ್ರಂಥಿಗಳಿಂದ ಸಣ್ಣ ಕಾಲುವೆಗಳು ಬಂದು ತೆರೆದುಕೊಳ್ಳುತ್ತವೆ. ಅವು ಬಿಡುವುದು ತೆಳ್ಳನೆಯ ನೀರು. ಆ ನೀರು ಹಿಂದಿನ ರುಚಿಯನ್ನು ತೊಳೆದು ಹಾಕಿದರೆ ಮಾತ್ರ ಮುಂದಿನ ರುಚಿ ತಿಳಿಯುತ್ತದೆ. ಬೇರೆ ಕೆಲವು ಗ್ರಂಥಿಗಳು ಬಿಡುವುದು ಲೋಳೆ. ಅದು ತುತ್ತು ಜಾರಲಿಕ್ಕೆ. ಬಣ್ಣ ಕೊಟ್ಟಾಗ ನೀರಿನವು ಗಾಢ ನೇರಳೆ, ಲೋಳೆಯವು ಬಿಳಿಚಿಕೊಂಡ ನೊರೆ. ಹಸುವಾಗಲಿ ಹಂದಿಯಾಗಲಿ ಲೆಕ್ಕಾಚಾರ ಇಷ್ಟೇ. ಎಷ್ಟು, ಎಲ್ಲಿ, ಯಾವ ಪಾಲಿನಲ್ಲಿ ಎಂಬುದರಲ್ಲಷ್ಟೇ ಜಾತಿಯ ಗುರುತು.

ಕೊಯ್ದ ಹೋಳು ರಿಬ್ಬನ್ನಿನಂತೆ ಚಾಕುವಿನಿಂದ ಇಳಿಯುತ್ತದೆ. ಅದನ್ನು ಎತ್ತಲು ಸಣ್ಣ ಕುಂಚ ಬೇಕು, ಕುಂಚದ ತುದಿ ಒದ್ದೆಯಿರಬೇಕು. ಮೇಣದಪ್ಪ ಅದನ್ನು ತುಟಿಗೆ ತಾಗಿಸಿ ಚೂಪು ಮಾಡಿಕೊಳ್ಳುತ್ತಿದ್ದ. ಈ ಅಭ್ಯಾಸದಿಂದಲೇ ವಿಭಾಗಕ್ಕೆ ಒಮ್ಮೆ ಕೀರ್ತಿ ಬರುವುದು ಕೂದಲೆಳೆಯಲ್ಲಿ ತಪ್ಪಿತು. ನರಿಯ ಸ್ಲೈಡಿನಲ್ಲಿ ಗ್ರಂಥಿಯ ಪಕ್ಕ ಗುಲಾಬಿ ಬಣ್ಣದ ಚಪ್ಪಟೆ ಚಕ್ಕೆಯೊಂದು ಮುಖ್ಯಸ್ಥರ ಕಣ್ಣಿಗೆ ಬಿತ್ತು. ಇನ್ನೊಂದು ಸ್ಲೈಡಿನಲ್ಲೂ ಇತ್ತು. ಜಗತ್ತಿನಲ್ಲಿ ಯಾರೂ ಕಾಣದ ಜೀವಕೋಶ! ಅದಕ್ಕೆ ತಮ್ಮದೇ ಹೆಸರಿಟ್ಟು ಪ್ರಬಂಧ ಬರೆದು, ಎಲ್ಲರಿಗೂ ಚಹಾ ಹೇಳಿದರು. ಹೊರಗಿನಿಂದ ಬಂದಿದ್ದ ಹಿರಿಯ ಪ್ರಾಧ್ಯಾಪಕಿಯೊಬ್ಬರು ಸ್ಲೈಡು ನೋಡಿ, ಕಪ್ಪು ಕೆಳಗಿಟ್ಟು, “ಇದನ್ನ ಕೊಯ್ದೋರು ಯಾರು? ಹೇಗೆ ಎತ್ತುತ್ತೀರಿ, ಸ್ವಲ್ಪ ತೋರಿಸ್ತೀರಾ?” ಎಂದರು.

ಮೇಣದಪ್ಪ ಕುಂಚವನ್ನು ತುಟಿಗಿಟ್ಟು ತೋರಿಸಿದ.

ಚಹಾ ಯಾರಿಗೂ ಇಳಿಯಲಿಲ್ಲ. ಮುಖ್ಯಸ್ಥರ ಹೆಸರು ಹೊತ್ತ ಆ ಕೋಶ ಮೇಣದಪ್ಪನ ಕೆಳದುಟಿಯ ಸಿಪ್ಪೆಯಾಗಿತ್ತು. ಮರುದಿನ ಗೋಡೆಯ ಮೇಲೆ ದಪ್ಪಕ್ಷರದ ಫಲಕ ಬಂತು: “ಕುಂಚಕ್ಕೆ ಎಂಜಲು ನಿಷಿದ್ಧ.” ಮೇಜಿನ ಮೇಲೆ ನೀರಿನ ಬಟ್ಟಲು ಬಂತು. ಒಂಬತ್ತು ವರ್ಷ ಅವನು ಆ ಆಜ್ಞೆ ಮೀರಲಿಲ್ಲ.

ಈ ಕಥೆ ಕೇಳಿ ಅವನ ಅಕ್ಕ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ನಕ್ಕಿದ್ದಳು.

“ನರಿಯೊಳಗೆ ನೀನು! ನಿಜವಾಗ್ಲೂ ಯಾರಿಗೂ ಗೊತ್ತಾಗ್ಲಿಲ್ವೇನೋ?”

“ನಿನ್ನಿಂದ್ಲೇ ಕಲ್ತಿದ್ದು ಅದು.”

ಅದು ಹೌದು. ಅವನಿಗೆ ಆರು ವರ್ಷವಿದ್ದಾಗ ತಾಯಿ ಹೋಗಿ, ವರ್ಷದೊಳಗೆ ತಂದೆಯೂ ಹೋಗಿ, ಹದಿನೆಂಟರ ಅಕ್ಕ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಹಾಕಿಕೊಂಡು ಕೂತವಳು ಮತ್ತೆ ಎದ್ದಿರಲೇ ಇಲ್ಲ ಎನ್ನಬಹುದು. ದಾರವನ್ನು ನಾಲಿಗೆಗೆ ತಾಗಿಸಿ, ಎರಡು ಬೆರಳಲ್ಲಿ ಹೊಸೆದು, ಒಂದೇ ಏಟಿಗೆ ಸೂಜಿಯ ಕಣ್ಣು ದಾಟಿಸುತ್ತಿದ್ದಳು. ಅವಳ ಕಾಲ ಬಳಿ ಕೂತು ಅವನು ಅದನ್ನೇ ನೋಡುತ್ತಿದ್ದ. ಎಲ್ಲಿ ಹೋದರೂ ಹಿಂದೆಯೇ ಬರುತ್ತಿದ್ದುದರಿಂದ ಅವಳು ಅವನನ್ನು ಕರೆಯುತ್ತಿದ್ದದ್ದು “ಬಾಲ” ಎಂದು. ಐವತ್ತು ದಾಟಿದ ಮೇಲೂ ಮನೆಯೊಳಗೆ ಅವನಿಗೆ ಅದೇ ಹೆಸರು. ಇಬ್ಬರಿಗೂ ಮದುವೆಯಾಗಲಿಲ್ಲ. ಇವನನ್ನು ದಡ ಹತ್ತಿಸಿ ನೋಡೋಣ ಎಂದು ಅವಳು, ಅವಳದು ಮೊದಲಾಗಲಿ ಎಂದು ಇವನು, ಹೀಗೆ ಒಬ್ಬರನ್ನೊಬ್ಬರು ಕಾಯುತ್ತ ವಯಸ್ಸು ಜಾರಿತು.

ಮನೆಯ ಮಾತೆಲ್ಲ ಅಕ್ಕನದು. ಬಟ್ಟೆ ಹೊಲಿಸಲು ಬಂದವರಿಗೆ ಅಳತೆಯ ಜೊತೆಗೆ ಒಂದು ಮಂಗಳಾರತಿಯೂ ಉಚಿತ. “ಹೊಟ್ಟೆ ಒಳಗೆ ಎಳ್ಕೋಬೇಡಿ, ಮನೇಲೂ ಎಳ್ಕೊಂಡೇ ಇರ್ತೀರೇನು?” ಎನ್ನುವಳು. ಎಲುಬಿಲ್ಲದ ನಾಲಿಗೆ ಎನ್ನುತ್ತಾರಲ್ಲ, ಅವಳದಕ್ಕೆ ಎಲುಬೂ ಇತ್ತು, ಉಗುರೂ ಇತ್ತು.

ಆ ನಾಲಿಗೆಯ ಎಡಬದಿಯಲ್ಲಿ, ಹಿಂದುಗಡೆ, ಒಂದು ಹುಣ್ಣಾಯಿತು. ಹಲ್ಲು ತಾಗಿದೆ ಎಂದು ಒಂದು ತಿಂಗಳು, ಉಷ್ಣ ಎಂದು ಇನ್ನೊಂದು ತಿಂಗಳು ತಳ್ಳಿದಳು. ಸಾರಿಗೆ ಉಪ್ಪು ಹೆಚ್ಚಾಗತೊಡಗಿದಾಗ ತಮ್ಮನಿಗೆ ಅನುಮಾನ ಬಂತು.

“ಬಾಯಿ ತೆಗಿ.”

“ನೀನ್ಯಾವ ಡಾಕ್ಟರೋ? ನಾನೇನು ಎಮ್ಮೆನಾ?”

“ತೆಗಿಯಕ್ಕ ಸುಮ್ನೆ.”

ಕಿಟಕಿಯ ಬೆಳಕಿಗೆ ಅವಳ ಮುಖ ತಿರುಗಿಸಿ, ಒಗೆದ ಬಟ್ಟೆಯ ತುಂಡಿನಲ್ಲಿ ನಾಲಿಗೆಯನ್ನು ಹಿಡಿದೆಳೆದ. ಕೈಗೆ ಬಂದ ಸಾವಿರಾರು ನಾಲಿಗೆಗಳಲ್ಲಿ ಬೆಚ್ಚಗಿದ್ದದ್ದು ಇದೊಂದೇ. ತಾನಾಗಿ ಹಿಂದಕ್ಕೆ ಎಳೆದುಕೊಂಡದ್ದೂ ಇದೊಂದೇ. ಹುಣ್ಣಿನ ಅಂಚಿಗೆ ಬೆರಳು ತಾಗಿಸಿದ. ಗಟ್ಟಿಯಾಗಿತ್ತು. ಒಂದು ಕ್ಷಣ ಬೆರಳನ್ನು ಅಲ್ಲಿಂದ ತೆಗೆಯಲಾಗಲಿಲ್ಲ.

“ಏನೋ ಹಂಗೆ ನೋಡ್ತೀಯ?” ಎಂದಳು, ನಾಲಿಗೆ ಬಿಡಿಸಿಕೊಂಡು.

“ಏನಿಲ್ಲ. ನಾಳೆ ಆಸ್ಪತ್ರೆಗೆ ಹೋಗೋಣ.”

“ಏನಿಲ್ಲ ಅಂದ್ರೆ ನಾಳೆ ಯಾಕೋ?”

ಅವನು ಬಟ್ಟೆಯ ತುಂಡನ್ನು ಒಗೆಯಲು ಎದ್ದ.

ನಾಲಿಗೆಯ ಮೂರನೇ ಒಂದು ಪಾಲನ್ನು ತೆಗೆದರು. ಆಮೇಲೆ ಮೂವತ್ತು ದಿನ ಯಂತ್ರದ ಕೆಳಗೆ ಮಲಗಿಸಿ ಕಿರಣ ಹಾಯಿಸಿದರು. ಆ ದಿನಗಳಲ್ಲಿ ಏಳೂಕಾಲರ ಬಸ್ಸಿನಲ್ಲಿ ಮೇಣದಪ್ಪನ ತೊಡೆಯ ಮೇಲೆ ಹೊಸ ಫ್ಲಾಸ್ಕಿತ್ತು. ಈ ಸಲ ಅದರಲ್ಲಿ ಇದ್ದದ್ದು ನಿಜವಾಗಿಯೂ ಸೂಪು, ಸೋಸಿದ್ದು, ತಣಿಸಿದ್ದು. ಬಸ್ಸಿನವರಿಗೆ ಅದು ಹೇಗೆ ಗೊತ್ತಾಗಬೇಕು? ಜನ ಮೂಗಿಗೆ ಕರವಸ್ತ್ರ ಹಿಡಿದು ದೂರ ಸರಿದರು. ಒಬ್ಬರು “ಇವತ್ಯಾವುದು, ಹಂದೀದಾ?” ಎಂದು ಹಲ್ಲು ಕಿರಿದರು. ಅವನು ತಲೆಯಾಡಿಸಿ ಮುಚ್ಚಳವನ್ನು ಇನ್ನಷ್ಟು ಬಿಗಿ ಮಾಡಿದ.

ಕಿರಣ ರೋಗವನ್ನು ಎಷ್ಟು ಸುಟ್ಟಿತೋ, ಗ್ರಂಥಿಗಳನ್ನಂತೂ ಪೂರ್ತಿ ಸುಟ್ಟಿತು. ಅಕ್ಕ ಮನೆಗೆ ಬಂದು, ಹೊಲಿಗೆ ಯಂತ್ರದ ಮುಂದೆ ಕೂತು, ಅಭ್ಯಾಸಬಲದಿಂದ ದಾರವನ್ನು ಬಾಯಿಗಿಟ್ಟಳು. ತೆಗೆದಾಗ ಅದು ಇಟ್ಟ ಹಾಗೇ ಒಣಗಿತ್ತು. ಎರಡನೇ ಸಲ ಇಟ್ಟಳು. ಮೂರನೇ ಸಲ ಇಟ್ಟು ನೋಡಿ, ದಾರವನ್ನು ಉಂಡೆಗೆ ಮತ್ತೆ ಸುತ್ತಿಟ್ಟಳು. ಮೇಣದಪ್ಪ ಮರುದಿನ ಲ್ಯಾಬಿನಿಂದ ಸಣ್ಣ ಬಟ್ಟಲೊಂದನ್ನು ತಂದು, ಒದ್ದೆ ಸ್ಪಂಜು ಹಾಕಿ ಅವಳ ಬಲಗೈ ಬಳಿ ಇಟ್ಟ. ಆಗ ಅವಳ ಮಾತು ಅವನಿಗೊಬ್ಬನಿಗೇ ಅರ್ಥವಾಗುತ್ತಿದ್ದದ್ದು. ಬೇರೆಯವರಿಗಾಗಿ ಕಪ್ಪು ಬಟ್ಟೆಯ ತುಂಡೊಂದರ ಮೇಲೆ ಅಳತೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆದು ತೋರಿಸಿ, ಅಂಗೈಯಲ್ಲಿ ಒರೆಸಿಬಿಡುತ್ತಿದ್ದಳು. ಬೈಗುಳಕ್ಕೆ ಮಾತ್ರ ದೊಡ್ಡ ಅಕ್ಷರ.

ಎರಡು ತಿಂಗಳಿಗೆ ಕತ್ತಿನಲ್ಲಿ ಗಂಟು ಕಾಣಿಸಿತು. ಡಾಕ್ಟರು ಸುತ್ತಿ ಬಳಸಿ ಮಾತಾಡಿದರು. ಮನೆಗೆ ಬಂದ ಮೇಲೆ ಅಕ್ಕ ಸೀಮೆಸುಣ್ಣ ಎತ್ತಿಕೊಂಡಳು.

“ನನ್ನ ತುಂಡು ಎಲ್ಲಿದೆ?” ಎಂದು ಬರೆದಳು.

“ಆಸ್ಪತ್ರೆ ಲ್ಯಾಬಲ್ಲಿ. ಮಿಕ್ಕಿದ್ದು ಶೀಶೆಲಿ ಇಟ್ಟಿರ್ತಾರೆ. ಸ್ವಲ್ಪ ದಿನ ಆದ್ಮೇಲೆ ಎಸೀತಾರೆ.”

“ತಗೊಂಡು ಬಾ. ಆಡು ಕತ್ತೆ ಎಲ್ಲದರದೂ ಗಾಜಿನ ಮೇಲೆ ಹಚ್ಚಿದೀಯ. ನಂದೊಂದು ನೋಡ್ಬೇಕು. ಹೋಗೋಕ್ಕೆ ಮುಂಚೆ.”

“ಎಲ್ಲಿಗೆ ಹೋಗ್ತೀಯ?”

ಅವಳು ದೊಡ್ಡ ಅಕ್ಷರದಲ್ಲಿ “ಮಂಕೇ” ಎಂದು ಬರೆದಳು.

ಆಸ್ಪತ್ರೆಯಲ್ಲಿ ಅದಕ್ಕೊಂದು ಅರ್ಜಿ ನಮೂನೆಯಿತ್ತು. ಅಕ್ಕ ತಾನೇ ತುಂಬಿದಳು. “ಮಾದರಿಗೂ ಅರ್ಜಿದಾರರಿಗೂ ಇರುವ ಸಂಬಂಧ” ಎಂಬಲ್ಲಿ “ಹುಟ್ಟಿದಾಗಿನಿಂದ ಪರಿಚಯ” ಎಂದು ಬರೆದಳು. ಗುಮಾಸ್ತ ಅದನ್ನು ಎರಡು ಸಲ ಓದಿ, ನಗಬಹುದೋ ಬೇಡವೋ ತಿಳಿಯದೆ ಮೊಹರು ಒತ್ತಿದ.

ಶೀಶೆ ಬಂತು. ಮುಖ್ಯಸ್ಥರನ್ನು ಕೇಳಿದಾಗ ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. “ಪೆಟ್ಟಿಗೆಯಲ್ಲಿ ಹದಿನೇಳನೆಯ ಗೂಡು ಖಾಲಿ ಇದೆ,” ಎಂದರು. ಹನ್ನೊಂದು ವರ್ಷದಲ್ಲಿ ಅವರಾಡಿದ ಅತ್ಯಂತ ಚಿಕ್ಕ ವಾಕ್ಯ ಅದು.

ಆದರೆ ಕೆಲಸ ಮುಂದೆ ಸಾಗಲಿಲ್ಲ. ಶೀಶೆ ಹದಿನೈದು ದಿನ ಕಪಾಟಿನಲ್ಲೇ ಕೂತಿತು. ಅಕ್ಕ ದಿನಾ ಸಂಜೆ ಹುಬ್ಬೇರಿಸುವಳು, ಅವನು ಏನಾದರೊಂದು ನೆಪ ಹೇಳುವನು: ಮೇಣ ಕಾದಿಲ್ಲ, ಚಾಕುವಿಗೆ ಸಾಣೆಯಿಲ್ಲ, ಕರೆಂಟಿಲ್ಲ. ಕೊಯ್ದರೆ ಅದು ಪೆಟ್ಟಿಗೆಗೆ ಸೇರುತ್ತದೆ. ಆ ಪೆಟ್ಟಿಗೆಯಲ್ಲಿ ಇದ್ದವರಾರೂ ಬದುಕಿರಲಿಲ್ಲ. ಇದು ಅವನಿಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಕೊನೆಗೊಂದು ಸಂಜೆ ಅವಳು ಕಪ್ಪು ಬಟ್ಟೆಯಲ್ಲಿ ಬರೆದಳು: “ಬಾಲ, ನನ್ನ ಕಣ್ಣೂ ಮಂಜಾಗ್ತಿದೆ.”

ಮರುದಿನ ಅವನು ಮೇಣ ಕಾಯಿಸಿದ. ಅಚ್ಚಿನಲ್ಲಿ ಕೆಳಮುಖವಾಗಿ ಇಟ್ಟದ್ದೇ ಚಾಕುವಿಗೆ ಮೊದಲು ಸಿಗುವುದು. ನೋಡಬೇಕಾದದ್ದನ್ನು, ಅಂದರೆ ರೋಗವನ್ನು, ಕೆಳಮುಖ ಮಾಡುವುದು ರೂಢಿ. ವಿದ್ಯಾರ್ಥಿಗಳಿಗೆ ಅವನೇ ಸಾವಿರ ಸಲ ಹೇಳಿಕೊಟ್ಟದ್ದು. ಇಕ್ಕಳದಲ್ಲಿ ಅಕ್ಕನ ತುಂಡನ್ನು ಎತ್ತಿ, ಒಮ್ಮೆ ಬೆಳಕಿಗೆ ಹಿಡಿದು, ತಿರುಗಿಸಿ ಇಟ್ಟ. ಆರೋಗ್ಯದ ಬದಿ ಕೆಳಗೆ, ರೋಗದ ಬದಿ ಮೇಣದ ಆಳಕ್ಕೆ. ಗಟ್ಟಿಯಾದ ಮೇಲೆ ಐಸಿನ ಮೇಲಿಟ್ಟು ತಣಿಸಿ, ಕೊಯ್ಯತೊಡಗಿದ. ರಿಬ್ಬನ್ನು ಸುಕ್ಕಿಲ್ಲದೆ ಇಳಿಯಿತು. ಆದರೆ ಕಣ್ಣು ತುಂಬಿತ್ತು, ಅದನ್ನು ಎತ್ತುವ ಹೊತ್ತಿಗೆ ಒಂಬತ್ತು ವರ್ಷದ ಶಿಸ್ತು ಎಲ್ಲೋ ಹೋಗಿ ಕುಂಚ ತಾನಾಗಿ ತುಟಿಗೆ ಹೋಗಿತ್ತು. ಬಣ್ಣ ಕೊಟ್ಟು ನೋಡಿದ ಮೇಲೆಯೇ ಗೊತ್ತಾದದ್ದು: ಮೂಲೆಯಲ್ಲಿ ಒಂದು ಗುಲಾಬಿ ಚಕ್ಕೆ.

ಅಂಥ ಸ್ಲೈಡನ್ನು ಬುಟ್ಟಿಗೆ ಎಸೆಯುವುದು ನಿಯಮ. ಅವನು ಬುಟ್ಟಿಯ ತನಕ ಹೋಗಿ ವಾಪಸ್ಸು ಬಂದ.

ಭಾನುವಾರ ಬೆಳಿಗ್ಗೆ ಅಕ್ಕನನ್ನು ಲ್ಯಾಬಿಗೆ ಕರೆದುಕೊಂಡು ಹೋದ. ಕಿಟಕಿಯ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಬೆನ್ನಿಗೆ ಒಂದು ದಿಂಬು ಕೊಟ್ಟ. ಅವಳು ಸೂಜಿಯ ಕಣ್ಣು ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ಬಗ್ಗಿದಳು. ಅವನು ತಿರುಪು ತಿರುಗಿಸಿದ.

“ಕಾಣ್ತಾ? ಉದ್ದುದ್ದ ಎಳೆ ಇದೆಯಲ್ಲ, ಅದು ಮಾಂಸ. ಅದರ ಮಧ್ಯೆ ನೇರಳೆ ಗೊಂಚಲು, ದ್ರಾಕ್ಷಿ ಥರ, ಅವು ನೀರು ಬಿಡೋವು. ಆ ಕಡೆ ಬೆಳ್ಳಗಿರೋದು ಲೋಳೆ.”

ಅವಳು ಬಹಳ ಹೊತ್ತು ನೋಡಿದಳು. ಆಮೇಲೆ, ಅವನಿಗೊಬ್ಬನಿಗೇ ತಿಳಿಯುವ ಆ ಮುದ್ದೆಮಾತಿನಲ್ಲಿ, “ತುಂಬಿದ್ಯಾ?” ಎಂದಳು.

“ತುಂಬಿದೆ. ಇದು ಕಿರಣ ಕೊಡೋಕ್ಕೆ ಮುಂಚಿಂದು. ಅವತ್ತಿಗೆ ಎಲ್ಲ ತುಂಬಿತ್ತು.”

ಅವಳು ಕಣ್ಣು ತೆಗೆಯದೆ ಕೈ ಚಾಚಿದಳು. ಅವನು ನೀರಿನ ಬಾಟಲಿ ಕೊಟ್ಟ. ಒಂದು ಗುಟುಕು ಬಾಯಲ್ಲಿ ಹಿಡಿದುಕೊಂಡು ಮತ್ತೆ ಬಗ್ಗಿದಳು.

ನೀರು ನುಂಗಿ, “ರೋಗ ಎಲ್ಲಿ?” ಎಂದಳು.

“ಆ ಕಡೆ ಮುಖಕ್ಕಿದೆ. ಮೇಣದೊಳಗೆ. ತಿರುಗಿಸಿ ಇಟ್ಟಿದೀನಿ.”

“ಹ್ಞೂಂ. ಅಲ್ಲೇ ಬಿದ್ದಿರ್ಲಿ.” ತಿರುಪನ್ನು ತಾನೇ ಒಂದಿಷ್ಟು ತಿರುಗಿಸಿ, “ಈ ಮೂಲೇಲಿ ಏನೋ ಅಂಟ್ಕೊಂಡಿದೆ. ಇದೂ ನಂದೇನಾ?”

ಅವನು ಗೋಡೆಯ ಫಲಕದ ಕಡೆ ನೋಡಿದ. “ಅಲ್ಲ. ಅದು... ನಾನು. ಮರೆತು ಕುಂಚ ಬಾಯಿಗಿಟ್ಬಿಟ್ಟೆ.”

ಅವಳ ಬೆನ್ನು ಕುಲುಕಿತು. ಅಳುತ್ತಿದ್ದಾಳೆಂದು ಅವನು ಬಳಿ ಹೋದರೆ, ನಗುತ್ತಿದ್ದಳು. ಒಣಗಿದ ಗಂಟಲಲ್ಲಿ ನಗೆ ಕಾಗದ ಹರಿದ ಹಾಗೆ ಬರುತ್ತಿತ್ತು. ಚೀಲದಿಂದ ಕಪ್ಪು ಬಟ್ಟೆ ತೆಗೆದಳು. ಅವನಿಗೆ ಹೇಳಿದರೆ ಸಾಕಿತ್ತು, ಆದರೂ ಬರೆದಳು.

“ಇಲ್ಲಿಗೂ ಹಿಂದೆ ಬಂದ್ಯೇನೋ, ಬಾಲ?”

ಅವನು ಓದಿ ಮೂಗು ಒರೆಸಿಕೊಂಡ. ಎಂದಿನಂತೆ ಅದನ್ನು ಅಂಗೈಯಲ್ಲಿ ಅಳಿಸದೆ, ಅವಳು ಬಟ್ಟೆಯನ್ನು ಮಡಿಸಿ ಅವನ ಜೇಬಿಗೆ ತುರುಕಿದಳು.

ಆರು ವಾರಕ್ಕೆ ಅಕ್ಕ ಹೋದಳು. ಮಧ್ಯಾಹ್ನ, ಅವನು ಚಮಚದಲ್ಲಿ ನೀರು ಹಾಕುತ್ತಿದ್ದಾಗ. ಕೊನೆಯ ಚಮಚದ ನೀರು ಕಟಬಾಯಿಯಿಂದ ಇಳಿದು ದಿಂಬನ್ನು ಒದ್ದೆ ಮಾಡಿತು. ಹೊಲಿಸಲು ಕೊಟ್ಟ ಬಟ್ಟೆಗಳನ್ನು ಅವನೇ ಒಂದೊಂದಾಗಿ ಹಿಂದಿರುಗಿಸಿ ಬಂದ. ಅರ್ಧ ಹೊಲಿದ ರವಿಕೆಯನ್ನು ತೆಗೆದುಕೊಳ್ಳುತ್ತ ಒಬ್ಬಾಕೆ, “ಬೈಸ್ಕೊಂಡ್ರೇನೇ ಅಳತೆ ಸರಿ ಬರ್ತಿತ್ತು,” ಎಂದು ಬಾಗಿಲಿಗೊರಗಿ ಅತ್ತಳು. ಯಂತ್ರದ ಪಕ್ಕದ ಸ್ಪಂಜಿಗೆ ಅವನು ಈಗಲೂ ಬೆಳಿಗ್ಗೆ ನೀರು ಹಾಕುತ್ತಾನೆ. ಯಾಕೆ ಎಂದು ಕೇಳುವವರು ಮನೆಯಲ್ಲಿ ಯಾರೂ ಇಲ್ಲ.

ಮಾರನೆಯ ವರ್ಷ ಕಾಲೇಜಿಗೆ ತಪಾಸಣೆಯವರು ಬಂದರು. ಅವರಲ್ಲಿ ಹಿರಿಯ ಸಾಹೇಬರು ಎಲ್ಲ ಬಲ್ಲವರು. ಬಾಗಿಲಿನ ಕೀಲಿಗೆ ಎಣ್ಣೆ ಹೇಗೆ ಬಿಡಬೇಕೆಂದು ಜವಾನನಿಗೂ, ನಾಲಿಗೆ ಎಂದರೇನು ಎಂದು ವಿಭಾಗದ ಮುಖ್ಯಸ್ಥರಿಗೂ ತಿಳಿಹೇಳಿ, ಸ್ಲೈಡು ಪೆಟ್ಟಿಗೆಯ ಬಳಿ ಬಂದರು. ಹದಿನೇಳನೆಯದನ್ನು ಎತ್ತಿ ಸೂಕ್ಷ್ಮದರ್ಶಕದ ಕೆಳಗಿಟ್ಟರು.

“ಮೂಲೇಲಿ ಏನ್ರೀ ಇದು, ಕಸ? ಈ ಸ್ಲೈಡು ಯಾಕೆ ಎಸೆದಿಲ್ಲ?”

ಧೂಳಿನ ಕಣ ಕಂಡರೂ ಸ್ಲೈಡು ಬುಟ್ಟಿಗೆ ಹಾಕಿಸುವ ಮುಖ್ಯಸ್ಥರು ಮುಂದೆ ಬಂದರು. “ಕಸ ಅಲ್ಲ. ಅದು ಅಲ್ಲಿರಬೇಕಾದ್ದೇ,” ಎಂದರು. ಅಷ್ಟೇ. ಮೇಣದಪ್ಪ ನೆಲ ನೋಡುತ್ತ ನಿಂತಿದ್ದ.

ಸಾಹೇಬರು ರಿಜಿಸ್ಟರು ತೆರೆದು ಬೆರಳನ್ನು ಸಾಲಿನುದ್ದಕ್ಕೂ ಹರಿಸಿದರು. ಹದಿನೇಳು. ಹೆಣ್ಣು. ಅರವತ್ತೈದು ವರ್ಷ. ಪ್ರಾಣಿ ಎಂಬಲ್ಲಿ ಒಂದು ಅಡ್ಡಗೆರೆ, ಕೊನೆಯ ಅಂಕಣ ಖಾಲಿ. ಬೆರಳು ಅಲ್ಲಿ ನಿಂತಿತು. ಕೊನೆಗೂ ತಪ್ಪೊಂದು ಸಿಕ್ಕ ಸಂತೋಷದಲ್ಲಿ ಅವರು ಮೇಣದಪ್ಪನ ಕಡೆ ತಿರುಗಿದರು.

“ಅರವತ್ತೈದು ವರ್ಷ ಬದುಕೋದು ಅಂದ್ರೆ ಆನೇನೇ ಇರ್ಬೇಕು. ಆದ್ರೆ ಇದನ್ನ ಯಾಕೆ ತುಂಬಿಲ್ಲ? ಇಷ್ಟು ವರ್ಷದ ಅನುಭವಸ್ಥರು ನೀವು, ಅಷ್ಟೂ ಗೊತ್ತಾಗಲ್ವಾ? ಹೇಳಿ, ಸಾಕಿದ್ದೋ, ಕಾಡಿಂದೋ?”

“ಎರಡೂ ಅಲ್ಲ ಸಾರ್. ನಮ್ಮಕ್ಕ.”